ಕಿರುಬೆರಳು ಮುಟ್ಟದ ಪಂಚಮ

ಕಳೆದ ತಿಂಗಳು ಹೇಗ್ ಪಕ್ಕದ ರೈಸ್‌ವೈಕ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಈ ಸ್ಟೇಷನ್ನು ನೆಲದಡಿಯಲ್ಲಿದೆ, ಮೇಲೆ ಊರು, ಕೆಳಗೆ ಹಳಿ. ಒಬ್ಬರು ಕೆಮ್ಮಿದರೆ ನಾಲ್ವರು ಕೆಮ್ಮಿದ ಹಾಗೆ ಕೇಳಿಸುತ್ತದೆ, ಇನ್ನು ಪಿಟೀಲು ನುಡಿಸಿದರೆ ಕೇಳಬೇಕೆ? ಮೆಟ್ಟಿಲ ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬಳು ಹುಡುಗಿ ನಿಂತು ನುಡಿಸುತ್ತಿದ್ದಳು. ಕಮಾನಿಗೆ ಉಜ್ಜುವ ರಾಳದ ಬಿಳಿ ಪುಡಿ ಅವಳ ಕಪ್ಪು ಸ್ವೆಟರಿನ ಮೇಲೆಲ್ಲ ಉದುರಿತ್ತು. ನುಡಿಸುತ್ತಿದ್ದದ್ದು ಐರಿಷ್ ರೀಲು. ರೀಲು ಎಂದರೆ ಕುಣಿತಕ್ಕೆಂದೇ ಹುಟ್ಟಿದ, ಓಟದ ನಡಿಗೆಯ ಮಟ್ಟು. ಎರಡೋ ಮೂರೋ ಸಣ್ಣ ಭಾಗಗಳು ಇರುತ್ತವೆ. ಒಂದೊಂದನ್ನೂ ಎರಡೆರಡು ಸಲ ನುಡಿಸಿ, ಮುಗಿದದ್ದೇ ಗೊತ್ತಾಗದ ಹಾಗೆ ಮತ್ತೆ ಮೊದಲಿಗೆ ಬಂದುಬಿಡುತ್ತಾರೆ.

ಮೊದಲ ಭಾಗ ಕೇಳಿದಾಗ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಎರಡನೆಯದರಲ್ಲಿ ಲ್ಯಾಪ್‌ಟಾಪಿನ ಚೀಲದ ಮೇಲೆ ನನ್ನ ಬೆರಳುಗಳು ತಾವಾಗಿ ಆಡತೊಡಗಿದವು. ಮೂರನೆಯದರಲ್ಲಿ, ಮೇಲಿನ ಪಂಚಮಕ್ಕೆ ಹಾರಬೇಕಾದ ಕಡೆ ಹುಡುಗಿ ಗಾಂಧಾರ ಮುಟ್ಟಿ ಸಲೀಸಾಗಿ ಇಳಿದುಬಂದಳು. ಅಯ್ಯೋ ದೇವರೇ, ಅದು ನನ್ನ ತಪ್ಪು! ಅವಳದಲ್ಲ, ನನ್ನದು. ನಾನು ಮಾಡಿ ಇಪ್ಪತ್ತು ಚಿಲ್ಲರೆ ವರ್ಷಗಳಾದ ತಪ್ಪು.

ಹತ್ತಿರ ಹೋಗಿ ಇದು ಯಾವ ಮಟ್ಟು ಎಂದು ಕೇಳಿದೆ. "ರೈಸ್‌ವೈಕಿನ ರೀಲು ಅಂತಾರೆ. ಇಲ್ಲಿಯದೇ ಪಾಠ, ಐರ್ಲೆಂಡಿನಲ್ಲೂ ಇಲ್ಲ," ಎಂದಳು ಹೆಮ್ಮೆಯಿಂದ. ಅವಳ ಟೀಚರಿಗೆ ಒಂದು ಹಳೆಯ ಕ್ಯಾಸೆಟ್ಟಿನಿಂದ ಬಂದದ್ದಂತೆ. ಅಷ್ಟರಲ್ಲಿ ನನ್ನ ರೈಲು ಬಂತು. ಹತ್ತಲಿಲ್ಲ. ಮುಂದಿನ ರೈಲಿಗೆ ಕಾಲು ಗಂಟೆ ಇದೆ. ನಿಮಗೂ ಆತುರವಿಲ್ಲವಾದರೆ ಈ ಗಾಂಧಾರ ಎಲ್ಲಿಂದ ಬಂತೆಂದು ಹೇಳುತ್ತೇನೆ.

ತೊಂಬತ್ತೆಂಟರಲ್ಲಿ ನಾವು ರೈಸ್‌ವೈಕಿಗೆ ಬಂದೆವು. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಬುದ್ಧಿ ಕೆಡುತ್ತದೆ ಎಂದು ಎಲ್ಲರೂ ಹೆದರಿಕೊಂಡಿದ್ದ ಕಾಲ ಅದು. ಆ ಭಯದ ಪುಣ್ಯದಿಂದ ನನ್ನ ಗಂಡ ರಘುವಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ನನ್ನ ಪರ್ಮಿಟ್ಟಿನಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ನಾನು, ನಾಲ್ಕನೇ ಮಹಡಿಯ ಫ್ಲ್ಯಾಟು, ಮೈಸೂರಿನಿಂದ ಸೀರೆಯಲ್ಲಿ ಸುತ್ತಿ ತಂದ ನನ್ನ ಪಿಟೀಲು, ಮೂವರೇ ಇಡೀ ದಿನ ಮುಖ ಮುಖ ನೋಡಿಕೊಂಡಿರುತ್ತಿದ್ದೆವು.

ನನ್ನ ಸಂಗೀತದ ಬಗ್ಗೆ ನಿಮಗೆ ತಪ್ಪು ಕಲ್ಪನೆ ಬೇಡ. ಒಂಬತ್ತು ವರ್ಷ ಕಲಿತಿದ್ದೆ, ನಿಜ. ಆದರೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯರು ಆರು ತಿಂಗಳಲ್ಲಿ ಹಿಡಿಯುತ್ತಿದ್ದದ್ದನ್ನು ನಾನು ಎರಡು ವರ್ಷದಲ್ಲಿ ಹಿಡಿಯುತ್ತಿದ್ದೆ. ಪ್ರತಿಭೆ ಇಲ್ಲದವರಿಗೆ ದೇವರು ನಿಷ್ಠೆಯನ್ನಾದರೂ ಕೊಟ್ಟಿರುತ್ತಾನೆ, ಅದು ನನಗೆ ಧಾರಾಳವಾಗಿತ್ತು. ಮೇಷ್ಟ್ರು ಹೇಳಿಕೊಟ್ಟದ್ದರಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡುತ್ತಿರಲಿಲ್ಲ. ಒಂದೇ ಕೀರ್ತನೆಯನ್ನು ಬೇರೆ ಬೇರೆ ಗುರುಗಳ ಶಿಷ್ಯರು ಬೇರೆ ಬೇರೆಯಾಗಿ ಹಾಡುತ್ತಾರಲ್ಲ, ಪಾಠಾಂತರ ಎನ್ನುತ್ತೇವಲ್ಲ, ಅದರ ವಿಷಯದಲ್ಲಿ ನಾನು ಮೇಷ್ಟ್ರಿಗಿಂತ ಕಟ್ಟುನಿಟ್ಟು. ಬೇರೆ ಮನೆಯ ಪಾಠ ಕಿವಿಗೆ ಬಿದ್ದರೆ ಪಾಪ ಬಂತೆಂದು ಕಿವಿ ಮುಚ್ಚಿಕೊಳ್ಳುವ ಪೈಕಿ.

ನಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲಿ ಡಚ್ಚಿನಲ್ಲಿ ನಿಯಮಗಳ ಪಟ್ಟಿ ಅಂಟಿಸಿದ್ದರು. ರಘು ಡಿಕ್ಷನರಿ ಹಿಡಿದು ಅರ್ಥ ಮಾಡಿಕೊಂಡಿದ್ದರ ಪ್ರಕಾರ, ಈ ಊರಿನಲ್ಲಿ ಉಸಿರಾಡುವುದೊಂದನ್ನು ಬಿಟ್ಟು ಬೇರೆ ಯಾವ ಸದ್ದೂ ಮಾಡುವಂತಿಲ್ಲ. ಹಾಗಾಗಿ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ಒತ್ತಿ, ಕಳ್ಳಿಯ ಹಾಗೆ ಅಭ್ಯಾಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಬಾಗಿಲ ಬೆಲ್ ಹೊಡೆಯಿತು. ತೆಗೆದರೆ ಎತ್ತರದ, ಬಿಳಿ ಹುಬ್ಬಿನ ಮುದುಕರೊಬ್ಬರು. ನಾನು ಅವರ ಮುಖ ನೋಡುವ ಮೊದಲೇ "ಸಾರಿ, ಸಾರಿ" ಎಂದು ಶುರು ಮಾಡಿದ್ದೆ. ಅವರು ಬೆನ್ನ ಹಿಂದಿನಿಂದ ಒಂದು ಪಿಟೀಲಿನ ಪೆಟ್ಟಿಗೆ ತೆಗೆದು ತೋರಿಸಿದರು.

"ನಿನ್ನ ಕೆಳಗಡೆ ಮನೆ ನನ್ನದು. ನೀನು ನುಡಿಸೋವಾಗ ಸ್ವರ ಜಾರತ್ತಲ್ಲ, ಅದು ಹೆಂಗೆ ಮಾಡ್ತೀಯ?"

ಅವರು ಆಡಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ, ಆದರೂ ಅವರ ಮಾತು ನನ್ನ ಕಿವಿಗೆ ಸೋದರಮಾವನ ಸಲಿಗೆಯಲ್ಲೇ ಕೇಳಿಸಿತು.

ಹೆಸರು ಮಾರ್ಟಿನ್. ಪಶ್ಚಿಮ ಐರ್ಲೆಂಡಿನವರು. ಹುಡುಗರಾಗಿದ್ದಾಗ ರಾಟರ್‌ಡ್ಯಾಮಿಗೆ ಹಡಗಿನ ವೆಲ್ಡಿಂಗ್ ಕೆಲಸಕ್ಕೆ ಬಂದು, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ನಿಂತುಬಿಟ್ಟವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ಆಮ್ಸ್ಟೆಲ್‌ವೀನಿನಲ್ಲಿ. ಅವತ್ತು ನಾನು ಚಾಪೆಯ ಮೇಲೆ ಕಾಲು ಮಡಿಸಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟುಕೊಂಡು ನುಡಿಸುವುದನ್ನು ಅವರು ಕುರ್ಚಿಯಿಂದ ಬಗ್ಗಿ ಬಗ್ಗಿ ನೋಡಿದರು. ಅವರು ಕುರ್ಚಿಯಲ್ಲೇ ಕೂತು, ಗದ್ದದ ಕೆಳಗೆ ಪಿಟೀಲು ಸಿಕ್ಕಿಸಿಕೊಂಡು, ಬೂಟಿನಿಂದ ನೆಲ ಕುಟ್ಟುತ್ತ ನುಡಿಸಿದ್ದನ್ನು ನಾನು ಕತ್ತೆತ್ತಿ ಕೇಳಿದೆ. ಲಿಫ್ಟಿನ ಪಕ್ಕದ ಪಟ್ಟಿಯ ನೆನಪಾಗಿ ಗಾಬರಿಯಾಯಿತು. ಆಮೇಲೆ ಹೊಳೆಯಿತು, ಕೆಳಗಿನ ಮನೆಯವರೇ ಮೇಲೆ ಬಂದು ಕುಟ್ಟುತ್ತಿದ್ದಾರೆ, ದೂರು ಕೊಡುವವರು ಯಾರು?

ಹೀಗೆ ನನಗೆ ರೀಲುಗಳ ಪರಿಚಯವಾಯಿತು. ಸಾವಿರಗಟ್ಟಲೆ ಇವೆಯಂತೆ. ಒಂದೇ ರೀಲಿಗೆ ಮೂರು ಹೆಸರು, ಒಂದೇ ಹೆಸರಿಗೆ ನಾಲ್ಕು ರೀಲು. ಸ್ಕಾಟ್ಲೆಂಡಿಗೆ ಹೋದರೆ ಅದೇ ನಿಧಾನವಾಗುತ್ತದೆ, ಪಕ್ಕದ ಜಿಲ್ಲೆಗೆ ಬಂದರೆ ಮೂರನೇ ಭಾಗ ಕಳಕೊಳ್ಳುತ್ತದೆ, ಇನ್ನೊಂದು ಕಡೆ ತಾಳ ಬದಲಿಸಿ ಬೇರೆಯೇ ಕುಣಿತಕ್ಕೆ ಸೇರಿಕೊಳ್ಳುತ್ತದೆ. ಮಾರ್ಟಿನ್ ಎಲ್ಲಕ್ಕೂ "ಕಸಿನ್" ಎನ್ನುತ್ತಿದ್ದರು. ನನಗೆ ಅದು ಸಾಲುತ್ತಿರಲಿಲ್ಲ. ಕಸಿನ್ ಅಂದರೆ ಯಾವ ಕಸಿನ್? ಚಿಕ್ಕಪ್ಪನ ಮಗನೋ, ಸೋದರತ್ತೆ ಮಗನೋ? ಮೊದಲ ಭಾಗ ಒಂದೇ ಇದ್ದರೆ ದಾಯಾದಿ, ಎರಡನೆಯದು ಮಾತ್ರ ಸೇರಿದರೆ ಬೀಗರು ಎಂದು ನಾನು ಒಂದು ವ್ಯವಸ್ಥೆ ಮಾಡಿಕೊಂಡೆ. ಅವರಿಗೆ ಅದನ್ನು ವಿವರಿಸಲು ಹೋಗಿ ಒಂದು ಇಡೀ ಸಂಜೆ ಹಾಳಾಯಿತು.

ಅವರ ಬಳಿ ಇದ್ದವುಗಳಲ್ಲಿ ಒಂದು ರೀಲಿಗೆ ಹೆಸರೇ ಇರಲಿಲ್ಲ. ಅವರಪ್ಪ ನುಡಿಸುತ್ತಿದ್ದದ್ದು. ಮೂರು ಭಾಗ. ನಮ್ಮ ಲೆಕ್ಕದಲ್ಲಿ ಖರಹರಪ್ರಿಯ ರಾಗದ ಮನೆಯದು. ಇದರ ದಾಯಾದಿಯೊಂದು ಎಲ್ಲರಿಗೂ ಗೊತ್ತಿತ್ತು. ಹೇಗ್‌ನ ಒಂದು ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರಿ ನುಡಿಸುತ್ತಿದ್ದರು. ಮಾರ್ಟಿನ್ ಅಪ್ಪನ ರೀಲು ಎತ್ತಿದರೆ ಸಾಕು, ಉಳಿದವರು ಪರಿಚಯದ ಮಟ್ಟು ಬಂತೆಂದು ದಾಯಾದಿಯನ್ನು ಹಿಡಿದು ನುಗ್ಗುತ್ತಿದ್ದರಂತೆ. ಆ ಗದ್ದಲದಲ್ಲಿ ಅಪ್ಪನದು ಮುಳುಗಿಹೋಗುತ್ತಿತ್ತು.

ಒಂದು ದಿನ ಅವರು ಎಡಗೈ ಚಾಚಿ ಕಿರುಬೆರಳು ತೋರಿಸಿದರು. ಅದು ಮಡಿಸಲೂ ಬರದೆ, ನೆಟ್ಟಗೂ ಆಗದೆ ನಿಂತಿತ್ತು.

"ಇದು ಮುಗೀತು. ಉಳಿದವೂ ಕ್ಯೂನಲ್ಲಿ ನಿಂತಿದಾವೆ. ನನ್ನ ಮಗಳಿಗೆ ಸಂಗೀತ ಅಂದ್ರೆ ತಲೆನೋವು. ಅಪ್ಪನ ರೀಲು ಈ ಕೈಯಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ನೀನು ಇಟ್ಕೋತೀಯಾ? ಆಮೇಲೆ ಒಬ್ಬರಿಗಾದ್ರೂ ಕೊಡು, ಒಬ್ಬರಾದ್ರೆ ಸಾಕು."

ಕೊಡುತ್ತೇನೆ ಎಂದೆ. ಕಣ್ಣು ತುಂಬಿ ಬಂದಿತ್ತು, ಸುಳ್ಳೇಕೆ ಹೇಳಲಿ. ಒಂಬತ್ತು ವರ್ಷದಲ್ಲಿ ನನ್ನನ್ನು ನಂಬಿ ಯಾರೂ ಏನನ್ನೂ ಕೊಟ್ಟಿರಲಿಲ್ಲ.

ಮಂಗಳವಾರ, ಶುಕ್ರವಾರ ಪಾಠ. ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಮೊದಲ ದಿನ ಅವರು ನುಡಿಸಿದ್ದನ್ನು ಸರಿಗಮದಲ್ಲಿ, ತಾಳದ ಗೆರೆ ಹಾಕಿ, ಒಂದು ಸ್ವರ ಬಿಡದೆ ಬರೆದುಕೊಂಡೆ. ಎರಡನೇ ದಿನ ಅವರು ಬೇರೆ ಥರ ನುಡಿಸಿದರು. ನಾನು ಕೈಯೆತ್ತಿ ನಿಲ್ಲಿಸಿ, ಎರಡೂ ಸ್ವರಗಳನ್ನು ನುಡಿಸಿ ತೋರಿಸಿದೆ.

"ಇಲ್ಲಿ ಹೋದ್ಸಲ ನಿ ಇತ್ತು. ಈಗ ದ ಬಂತು."

"ಹೌದಾ? ದಿನಾ ಒಂದೇ ಥರ ನುಡಿಸಿದ್ರೆ ಬೇಜಾರಾಗಲ್ವೇನಮ್ಮ?"

"ಬೇಜಾರಾದ್ರೂ ಪರವಾಗಿಲ್ಲ. ಪಾಠ ಅಂದ್ಮೇಲೆ ಪಾಠ."

ಅವರು ನಕ್ಕು ನಿ ನುಡಿಸಿದರು. ಹೀಗೇ ನಡೆಯಿತು. ಅವರು ಹರಿದಾಡುವುದು, ನಾನು ಕಿವಿ ಹಿಂಡಿ ಪುಸ್ತಕಕ್ಕೆ ಕರೆತರುವುದು. ಎರಡು ತಿಂಗಳಾಗುವ ಹೊತ್ತಿಗೆ ಅವರೇ ನಡುವೆ ನಿಲ್ಲಿಸಿ "ನಿನ್ನ ಪುಸ್ತಕ ಏನನ್ನತ್ತೆ?" ಎಂದು ಕೇಳತೊಡಗಿದರು. ಆ ಪುಸ್ತಕದ ಒಂದಕ್ಷರವೂ ಅವರಿಗೆ ಓದಲು ಬರುತ್ತಿರಲಿಲ್ಲ. ಸಂಜೆ ಮನೆಗೆ ಬಂದ ರಘು ಇದನ್ನು ನೋಡಿ, "ಏನೇ ಇದು, ಅವರಪ್ಪನ ಟ್ಯೂನನ್ನ ಅವರಿಗೇ ಪಿಟೀಲು ಕುಯ್ದು ಕಲಿಸ್ತಿದೀಯಲ್ಲ! ಗೆಮೆಂಟೆ ಆಫೀಸ್ ಕೌಂಟರಲ್ಲಿ ಕೂತಿರೋರು ನಿನಗಿಂತ ವಾಸಿ," ಎಂದ. ಗೆಮೆಂಟೆ ಎಂದರೆ ಇಲ್ಲಿಯ ಪುರಸಭೆ, ಆ ಆಫೀಸಿನವರು ಒಂದು ಕಾಗದಕ್ಕಾಗಿ ಅವನನ್ನು ನಾಲ್ಕು ಸಲ ಅಲೆಸಿದ್ದರು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಆ ಚಳಿಗಾಲದ ಒಂದು ಭಾನುವಾರ ಮಾರ್ಟಿನ್ ನನ್ನನ್ನು ಟ್ರಾಮಿನಲ್ಲಿ ಆ ಪಬ್ಬಿಗೆ ಕರೆದುಕೊಂಡು ಹೋದರು. ಜೀವಮಾನದಲ್ಲಿ ಪಬ್ಬಿನ ಹೊಸ್ತಿಲು ತುಳಿಯದವಳು ನಾನು, ಸಲ್ವಾರಿನ ಮೇಲೆ ರಘುವಿನ ಕೋಟು ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಯಾರೂ ನಗಲಿಲ್ಲ. ಮಾರ್ಟಿನ್ ಕೈಯೆತ್ತಿ, "ಇದು ನಮ್ಮಪ್ಪಂದು. ಯಾರೂ ಸೇರ್ಕೋಬೇಡಿ, ಕೇಳಿ," ಎಂದರು. ನುಡಿಸಿದೆ. ಒಂದು ಸ್ವರ ತಪ್ಪಲಿಲ್ಲ. ಗ್ಲಾಸುಗಳ ನಡುವೆ ಯಾರೋ ಟೇಪ್ ರೆಕಾರ್ಡರ್ ಒತ್ತಿಟ್ಟಿದ್ದರು. ಮುಂದಿನ ಭಾನುವಾರ ಹೋದಾಗ ನಾಲ್ಕು ಜನ ನನ್ನ ಜೊತೆ ನುಡಿಸಿದರು, ಅದರ ಮುಂದಿನ ವಾರ ಎಲ್ಲರೂ. ದಾಯಾದಿಯ ಸದ್ದಿಲ್ಲ! ವಾಪಸು ಬರುವಾಗ ಟ್ರಾಮಿನಲ್ಲಿ ಮಾರ್ಟಿನ್, "ಇನ್ನು ಬೆರಳು ಹೋದ್ರೆ ಹೋಗ್ಲಿ ಬಿಡು," ಎಂದರು. ಅವತ್ತು ನನಗೆ ಆದಷ್ಟು ಸಂತೋಷ ಆಮೇಲೆ ನನ್ನ ಮಗಳು ಹುಟ್ಟಿದಾಗಲೇ ಆದದ್ದು.

ವಸಂತದಲ್ಲಿ ಅವರ ಅಕ್ಕ ನೋರಾ ಐರ್ಲೆಂಡಿನಿಂದ ಬಂದರು. ಎಪ್ಪತ್ತೆಂಟು ವರ್ಷ, ಗಟ್ಟಿ ದನಿ. ಅವರ ಕಾಲದಲ್ಲಿ ಮನೆಯ ಪಿಟೀಲು ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳು ಕೆಲಸ ಮಾಡುತ್ತ ಬಾಯಲ್ಲೇ "ಡಿಡಲ್ ಡಿಡಲ್" ಎಂದು ರೀಲುಗಳನ್ನು ಹಾಡಿಕೊಳ್ಳಬೇಕು. ಮಾರ್ಟಿನ್ ನನ್ನನ್ನು ಕೆಳಗೆ ಕರೆಸಿ, ಮಗಳನ್ನು ಹಸೆಗೆ ಕೂರಿಸುವವರ ಸಡಗರದಲ್ಲಿ ನೆಲದ ಮೇಲೆ ದಿಂಬು ಹಾಕಿ ಕೂರಿಸಿದರು. ನೋರಾ ಕಿತ್ತಳೆ ಬಿಡಿಸುತ್ತ ಕೇಳುತ್ತಿದ್ದರು. ಮೂರನೇ ಭಾಗಕ್ಕೆ ಬಂದಾಗ ಅವರ ಕೈ ನಿಂತಿತು.

"ಅಪ್ಪನ ಕೂಗು ಎಲ್ಲಿ ಹೋಯ್ತು?"

"ಯಾವ ಕೂಗು?" ಎಂದರು ಮಾರ್ಟಿನ್.

"ಅಲ್ಲಿ ಮೇಲಕ್ಕೆ ಹೋಗ್ಬೇಕಲ್ಲೋ. ಹೊಳೆಯಾಚೆ ಇರೋರನ್ನ ಕೂಗ್ದಂಗೆ."

"ಇಲ್ಲ ನೋರಾ, ಇದ್ದದ್ದೇ ಹೀಗೆ. ಬೇಕಾದ್ರೆ ಅವಳ ಪುಸ್ತಕ ನೋಡು."

ನಾನೂ ನೋಟ್‌ಬುಕ್ಕು ತೆರೆದು ಬೆರಳಿಟ್ಟು ತೋರಿಸಿದೆ. ಗ, ಸ್ಪಷ್ಟವಾಗಿ ಗ. ನೋರಾ ಅದರತ್ತ ಕಣ್ಣೂ ಹಾಯಿಸಲಿಲ್ಲ. ತಮ್ಮನ ಮುಖವನ್ನೇ ನೋಡಿ, "ಪಿಟೀಲು ಬಿಡು. ಬಾಯಲ್ಲಿ ಹಾಡು," ಎಂದರು.

ಮಾರ್ಟಿನ್ ನಾಚಿಕೊಂಡರು. ಆಮೇಲೆ ಕಣ್ಣು ಮುಚ್ಚಿ, ಒಡಕು ದನಿಯಲ್ಲಿ ಮೂರನೇ ಭಾಗ ಶುರು ಮಾಡಿದರು. ಆ ಜಾಗಕ್ಕೆ ಬಂದಾಗ ಅವರ ದನಿ ತನ್ನಷ್ಟಕ್ಕೆ ಮೇಲಿನ ಪಂಚಮಕ್ಕೆ ಹಾರಿ ನಿಂತಿತು. ಹಾಡುತ್ತಿದ್ದವರೇ ಬೆಚ್ಚಿ ಕಣ್ಣು ಬಿಟ್ಟು, ತಮ್ಮ ಎಡಗೈಯನ್ನು ನೋಡಿಕೊಂಡರು.

ಅವರು ಪಿಟೀಲು ಹಿಡಿಯುವ ರೀತಿಯಲ್ಲಿ ಆ ಪಂಚಮ ಕಿರುಬೆರಳಿನ ಪಾಲಿನದು. ಇಡೀ ರೀಲಿನಲ್ಲಿ ಆ ಬೆರಳಿಗೆ ಅದೊಂದೇ ಕೆಲಸ, ಉಳಿದದ್ದೆಲ್ಲ ಬಾಕಿ ಬೆರಳುಗಳಲ್ಲೇ ನಡೆದುಹೋಗುತ್ತದೆ. ಬೆರಳು ಸೆಟೆದಾಗ ಕೈ ಯಾರನ್ನೂ ಕೇಳದೆ ಗಾಂಧಾರಕ್ಕೆ ಇಳಿದುಬಿಟ್ಟಿತ್ತು. ಮೊದಲ ದಿನ ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಅವರಿಗೆ ಎಂದಾದರೂ ಅನುಮಾನ ಬಂದಿದ್ದರೆ ಅದನ್ನೂ ಪುಸ್ತಕ ತೋರಿಸಿ ಅಳಿಸಿದೆ. ಅವರಪ್ಪನ ರೀಲು ಎಂದುಕೊಂಡು ನಾನು ಕಾಪಾಡಿದ್ದು ಒಂದು ಸಂಧಿವಾತವನ್ನು!

ಮೈಸೂರಿನಲ್ಲಿ ಮೇಷ್ಟ್ರು ಪ್ರತಿ ಪಾಠವನ್ನೂ "ಮೊದಲು ಹಾಡಮ್ಮ, ಆಮೇಲೆ ಪಿಟೀಲು ಮುಟ್ಟು" ಎಂದೇ ಶುರು ಮಾಡುತ್ತಿದ್ದರು. ಬೆರಳಿಗೆ ನೂರು ತಾಪತ್ರಯ, ಬಾಯಿಗೆ ಅವಿಲ್ಲ ಎಂಬುದು ಅವರ ಸಿದ್ಧಾಂತ. ಅವರ ನೂರು ನಿಯಮಗಳಲ್ಲಿ ತೊಂಬತ್ತೊಂಬತ್ತನ್ನು ಪಾಲಿಸಿದ ನಾನು ಅದೊಂದನ್ನು ಬಿಟ್ಟಿದ್ದೆ. ಇಷ್ಟು ದೊಡ್ಡವರನ್ನು ಹಾಡಿ ಎಂದು ಕೇಳುವುದು ಹೇಗೆ ಎಂಬ ಸಂಕೋಚ. ಹೆಡ್ಡತನಕ್ಕೆ ಇನ್ನೊಂದು ಹೆಸರು ಅಷ್ಟೇ.

"ನಮ್ಮಪ್ಪನ ರೀಲನ್ನ ನಾನೇ ಕುಂಟು ಮಾಡ್ದೆ," ಎಂದರು ಮಾರ್ಟಿನ್.

"ನೀವಲ್ಲ, ನನ್ನ ಪುಸ್ತಕ," ಎಂದೆ. ಅಳು ಬರುತ್ತಿತ್ತು.

ನೋರಾ ನನ್ನ ಕೈಗೆ ಕಿತ್ತಳೆ ತೊಳೆ ಕೊಟ್ಟು, "ಅತ್ತಿದ್ದು ಸಾಕು, ತಿದ್ದು," ಎಂದರು. ತಿದ್ದಿದೆ. ಪಂಚಮಕ್ಕೆ ಹಾರಿಸಿ ನುಡಿಸಿದೆ. ನೋರಾ ಕಣ್ಣೊರೆಸಿಕೊಂಡರು. ಮಾರ್ಟಿನ್ ಮಾತ್ರ "ಇನ್ನೊಮ್ಮೆ" ಎಂದರು, ಅದು ಮುಗಿದ ಮೇಲೆ ಮತ್ತೂ "ಇನ್ನೊಮ್ಮೆ" ಎಂದರು. ಅವರು ತಾವೇ ಅದನ್ನು ಮತ್ತೆ ಎಂದೂ ನುಡಿಸಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಆವತ್ತಿನ ರೈಲು ಹತ್ತುತ್ತಿದ್ದೆ. ನೋರಾ ಊರಿಗೆ ಹೋದ ವಾರದಲ್ಲೇ ಮಾರ್ಟಿನ್ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳು ಬಂದು ಆಮ್ಸ್ಟೆಲ್‌ವೀನಿಗೆ ಕರೆದುಕೊಂಡು ಹೋದಳು. ಹೊರಡುವಾಗ ಗಾಲಿಕುರ್ಚಿಯಿಂದಲೇ ನನ್ನ ಕೈ ಹಿಡಿದು, "ಪಬ್ಬಿನೋರಿಗೆ ತಪ್ಪು ಕಲಿಸಿಬಿಟ್ಟಿದೀವಿ. ಭಾನುವಾರ ಹೋಗಿ ಸರಿ ಮಾಡು. ನನ್ನ ಬೆರಳಿನ ಕತೆ ಹೇಳು, ನಾಚಿಕೆ ಏನಿಲ್ಲ," ಎಂದರು.

ಹೋದೆ. ಒಳಗೆ ಕಾಲಿಟ್ಟಾಗ ಅವರು ಅದನ್ನೇ ನುಡಿಸುತ್ತಿದ್ದರು. ಹನ್ನೆರಡು ಜನ, ಎಷ್ಟು ಖುಷಿಯಾಗಿ! ನನ್ನನ್ನು ನೋಡಿ ಜಾಗ ಮಾಡಿಕೊಟ್ಟರು, ಒಬ್ಬರು ಕೋಲಾ ತಂದಿಟ್ಟರು. ಮೂರನೇ ಭಾಗದಲ್ಲಿ ಹನ್ನೆರಡು ಕೈಗಳು ಒಟ್ಟಿಗೆ ಗಾಂಧಾರ ಮುಟ್ಟಿ ಇಳಿದವು. ಈಗ ಹೇಳುತ್ತೇನೆ, ಇದು ಮುಗಿದ ಮೇಲೆ ಹೇಳುತ್ತೇನೆ ಎನ್ನುತ್ತ ಕೋಲಾ ಕುಡಿದು ಮುಗಿಸಿದೆ. ಇದು ತಪ್ಪು, ಈ ತಪ್ಪು ನನ್ನದು, ಎರಡೇ ಮಾತು. ಬಾಯಿಗೆ ಬರಲಿಲ್ಲ. ಅಷ್ಟು ಜನರೆದುರು ದಡ್ಡಿಯಾಗುವುದು ನನಗೆ ಬೇಡವಾಗಿತ್ತು. ಎದ್ದು ಬಂದೆ.

ಸೋಮವಾರ ಬೆಳಿಗ್ಗೆಯೇ ಮಾರ್ಟಿನ್ ಫೋನ್ ಮಾಡಿದರು.

"ಹೇಳಿದ್ಯಾ?"

"ಹೇಳಿದೆ."

"ನುಡಿಸಿ ತೋರಿಸಿದ್ಯಾ? ಏನಂದ್ರು?"

"ಮೇಲಕ್ಕೆ ಹೋಗೋದೇ ಚೆನ್ನಾಗಿದೆ ಅಂದ್ರು."

ಫೋನಿನಲ್ಲಿ ಅವರು ಜೋರಾಗಿ ನಕ್ಕು, ಪಕ್ಕದಲ್ಲಿದ್ದ ಮಗಳಿಗೆ ಡಚ್ಚಿನಲ್ಲಿ ಏನೋ ಹೇಳಿದ್ದು ಕೇಳಿಸಿತು. ಎರಡು ವರ್ಷ ಬದುಕಿದ್ದರು. ನಾನು ನೋಡಲು ಹೋದಾಗಲೆಲ್ಲ ಮನೆಗೆ ಬಂದವರಿಗೆ, "ಅಪ್ಪನ ರೀಲನ್ನ ಉಳಿಸಿದೋಳು ಇವಳೇ," ಎಂದು ತೋರಿಸುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ, ಅವರು ಅದನ್ನು ವಿನಯ ಎಂದುಕೊಂಡರು.

ಆಮೇಲಿನದು ನೆಪಗಳ ಕತೆ. ಮಗಳು ಹುಟ್ಟಿದಳು, ಜೂಟರ್‌ಮೀರಿಗೆ ಮನೆ ಬದಲಿಸಿದೆವು, ನನಗೂ ಕೆಲಸ ಸಿಕ್ಕಿತು. ಮಗಳಿಗೆ ಕಲಿಸಲು ಕೂತರೆ "ನಾಟ್ ನೌ, ಅಮ್ಮ" ಎಂದು ಓಡುತ್ತಿದ್ದಳು. ಅವಳು ಓಡಿದಾಗ ಒಳಗೊಳಗೇ ನೆಮ್ಮದಿ ಆಗುತ್ತಿದ್ದದ್ದೂ ಉಂಟು. ಕಲಿಸಿದರೆ ಇಡೀ ಕತೆ ಹೇಳಬೇಕಲ್ಲ. ಆ ಪಂಚಮ ನನ್ನ ಕೈಯಲ್ಲೇ ಉಳಿಯಿತು, ಒಂದು ಕಾಲದಲ್ಲಿ ಅವರ ಕೈಯಲ್ಲಿ ಉಳಿದಿದ್ದ ಹಾಗೆ.

ಸರಿ, ಸ್ಟೇಷನ್ನಿಗೆ ಬರೋಣ. ನನ್ನ ಬಳಿ ಪಿಟೀಲಿರಲಿಲ್ಲ. ಹುಡುಗಿಯ ಮುಂದೆ ನಿಂತು, ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವಚಿಕೊಂಡು, ಮೂರನೇ ಭಾಗವನ್ನು ಬಾಯಲ್ಲಿ ಹಾಡಿದೆ. ಆ ಸುರಂಗದಲ್ಲಿ ಪಂಚಮ ಹೊಡೆದ ಹೊಡೆತಕ್ಕೆ ಸೈಕಲ್ ಹಿಡಿದು ನಿಂತಿದ್ದವರೊಬ್ಬರು ತಿರುಗಿ ನೋಡಿದರು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಳು ಹುಡುಗಿ. "ನಮ್ಮ ರೀಲಿಗೆ ಇದೊಂದು ಕಸಿನ್ ಇರ್ಬೇಕು. ನನಗೆ ಗೊತ್ತೇ ಇರ್ಲಿಲ್ಲ."

ಸುಮ್ಮನೆ ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂತು.

"ಕಸಿನ್ ಅಲ್ಲ," ಎಂದೆ. "ಮೂಲದ್ದೇ ಇದು. ನೀನು ನುಡಿಸ್ತಿರೋದು ನನ್ನ ತಪ್ಪು."

ಅವಳು ತಮಾಷೆಯೆಂದು ನಕ್ಕಳು. ಬೆರಳಿನ ಕತೆ ಹೇಳಿದೆ, ಪುಸ್ತಕದ ಕತೆ ಹೇಳಿದೆ, ಕೋಲಾ ಕುಡಿದು ಎದ್ದು ಬಂದದ್ದನ್ನೂ ಹೇಳಿದೆ. ನಗು ನಿಂತಿತು. ಪಿಟೀಲನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು, "ಇನ್ನೊಂದ್ಸಲ ಹಾಡ್ತೀರಾ?" ಎಂದಳು. ನಾಲ್ಕು ಸಲ ಹಾಡಿಸಿದಳು. ಮೊದಲು ಅವಳ ಕಿರುಬೆರಳು ಸ್ವಲ್ಪ ಕೆಳಗೆ ಬಿತ್ತು, ಆಮೇಲೆ ಜಾಗ ಸಿಕ್ಕಿತು.

ಈ ಜನರಲ್ಲಿ ಒಂದು ಪದ್ಧತಿಯಿದೆ, ಮಟ್ಟು ಯಾರಿಂದ ಬಂತೆಂದು ನುಡಿಸುವ ಮೊದಲು ಹೇಳುತ್ತಾರೆ. "ಯಾರ ಹೆಸರು ಹೇಳ್ಲಿ?" ಎಂದಳು. ಮಾರ್ಟಿನ್ ಹೆಸರು ಹೇಳಿದೆ, ಅವರಪ್ಪನ ಹೆಸರು ಹೇಳಿದೆ, ನೋರಾ ಹೆಸರೂ ಹೇಳಿದೆ.

"ಮತ್ತೆ ನಿಮ್ಮದು?"

"ನನ್ನ ಹೆಸರನ್ನ ನೀನು ಮೊದಲು ನುಡಿಸ್ತಿದ್ದದ್ದಕ್ಕೆ ಹಾಕ್ಕೋ," ಎಂದೆ.

ರೈಲು ಬಂತು. ಹತ್ತಿ ಬಾಗಿಲ ಬಳಿಯೇ ನಿಂತೆ. ಅವಳು ಮೊದಲಿನಿಂದ ಎತ್ತಿಕೊಂಡಿದ್ದಳು. ಬಾಗಿಲು ಮುಚ್ಚುವ ಸೀಟಿ ಹೊಡೆಯುವಾಗ ಮೂರನೇ ಭಾಗ ಬಂತು, ಪಂಚಮ ಬಂತು. ಇಡೀ ರೀಲಿನ ನಡುವೆ ಅದು ಇನ್ನೊಬ್ಬರ ಕೈಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸೋಮವಾರ ಫೋನಿನಲ್ಲಿ ನಾನು ಮಾರ್ಟಿನ್ ಅವರಿಗೆ ಹೇಳಿದ ಸುಳ್ಳು ಕೊನೆಗೂ ನಿಜವಾಯಿತು. ಕೇಳಿಸಿಕೊಳ್ಳಲು ಅವರಿಲ್ಲ.